ಸಂಸಾರ ಸಮೇತ ಸೇತುವೆಯ ಕೆಳಗೆ

ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯಲ್ಲಿ ಗುರುಬಸವರಾಜ ಅವರು ಹೆದರದೆ ಇದ್ದದ್ದು ಒಟ್ಟು ಎಂಟು ನಿಮಿಷ. ಆ ಎಂಟು ನಿಮಿಷವೂ ಅವರು ಮೈಕಿನ ಮುಂದೆ ನಿಂತಿದ್ದರು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಅವರು ರಸ್ತೆ-ಸೇತುವೆಗಳ ಇಲಾಖೆಯಲ್ಲಿ ಇಂಜಿನಿಯರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂರು ಬಿಟ್ಟು ಆರನೇ ಊರಿನ ನೀರು ಕುಡಿದವರಲ್ಲ. ಮೇಲಿನ ಸಾಹೇಬರ ಫೋನು ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ 'ಹಲೋ' ಅನ್ನುವರು. ಹಲ್ಲಿ ಲೊಚಗುಟ್ಟಿದರೆ ಸಹಿ ಮಾಡುತ್ತಿದ್ದ ಪೆನ್ನು ಎತ್ತಿಬಿಡುವರು. ಇಂಥ ಮನುಷ್ಯ ಹನ್ನೆರಡು ಸೇತುವೆ ಕಟ್ಟಿಸಿದ್ದು ಹೇಗೆ ಎಂದು ಕೇಳಿದರೆ, ಸೇತುವೆ ಕಟ್ಟಿಸುವುದಕ್ಕೆ ಎರಡು ಮಾತು ಬಂದರೆ ಸಾಕು ಎಂಬುದೇ ಉತ್ತರ.

ನಮ್ಮ ಸೀಮೆಯಲ್ಲಿ ಸೇತುವೆಗೆ ಸ್ಲ್ಯಾಬ್ ಹಾಕುವ ದಿನವೆಂದರೆ ಅರ್ಧ ಕೆಲಸದ ದಿನ, ಅರ್ಧ ಊಟದ ದಿನ. ಬೆಳಿಗ್ಗೆ ಮಿಕ್ಸರ್ ಮಷಿನ್ನಿಗೆ ವಿಭೂತಿ ಬಳಿದು, ಕಾಯಿ ಒಡೆದು, ಪಕ್ಕದ ಬೇವಿನ ಮರದ ಬುಡದಲ್ಲಿ ಮೂರು ಕಲ್ಲಿಟ್ಟು ಗೋಧಿ ಹುಗ್ಗಿಗೆ ಹಂಡೆ ಏರಿಸುತ್ತಾರೆ. ಇಂಜಿನಿಯರು ಕೊಡೆ ಹಿಡಿದು ನಿಲ್ಲಬೇಕು. ಸ್ಲ್ಯಾಬ್ ಮುಗಿಯುವ ತನಕ ಊಟಕ್ಕೆ ಕೂರುವಂತಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬೆಲ್ಲದ ಪಾಕದ ವಾಸನೆ ಹೊರಡುತ್ತದೆ. ಆಗ ಗುರುಬಸವರಾಜ ಅವರ ಕಣ್ಣು ಮಿಕ್ಸರಿನ ಮೇಲೆ, ಮೂಗು ಹಂಡೆಯ ಮೇಲೆ. "ಲಗೂ ಲಗೂ ನಡೀಲಿ" ಎಂಬುದು ಅವರ ಮೊದಲನೆಯ ಮಾತು. "ಮಾಲು ಗಟ್ಟಿ ಆಗೇತಿ, ಇನ್ನೊಂದು ಕೊಡ ನೀರು ಬಿಡ್ರಿ" ಎಂಬುದು ಎರಡನೆಯದು. ನೀರು ಬಿಟ್ಟರೆ ಮಾಲು, ಅಂದರೆ ಕಲಸಿದ ಕಾಂಕ್ರೀಟು, ತೆಳ್ಳಗಾಗಿ ಸರಾಗ ಹರಿದು, ಹುಗ್ಗಿ ಆರುವುದರೊಳಗೆ ಸ್ಲ್ಯಾಬ್ ಮುಗಿಯುತ್ತಿತ್ತು. ಹನ್ನೊಂದು ಸೇತುವೆಗಳ ಸ್ಲ್ಯಾಬಿಗೆ ಅವರು ಹೀಗೆ ಖುದ್ದಾಗಿ ನಿಂತು, ಈ ಎರಡೇ ಮಾತಿನಲ್ಲಿ ಮುಗಿಸಿದ್ದರು.

ಹನ್ನೆರಡನೆಯದು ಕೊಟ್ಟೂರಿನಿಂದ ಒಳಗೆ, ಬೇವಿನಹಟ್ಟಿ ಹಳ್ಳದ್ದು. ಅದರ ಸ್ಲ್ಯಾಬಿನ ದಿನ ಮಾತ್ರ ಅವರು ದಾವಣಗೆರೆಯ ಸೀರೆ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಮಗಳು ಅರ್ಚನಾಳ ನಿಶ್ಚಿತಾರ್ಥಕ್ಕೆ ಹೆಂಡತಿ ಕೊಟ್ರಬಸಮ್ಮ ಎಳೆದುಕೊಂಡು ಹೋಗಿದ್ದಳು. ಮರುದಿನ ಆಫೀಸಿನ ಅಳತೆ ಪುಸ್ತಕದಲ್ಲಿ 'ನನ್ನ ಸಮಕ್ಷಮದಲ್ಲಿ ಸ್ಲ್ಯಾಬ್ ಹಾಕಲಾಯಿತು' ಎಂದು ಬರೆದು ಸಹಿ ಮಾಡಿದ್ದರು. ಹಲ್ಲಿ ಲೊಚಗುಟ್ಟಿತ್ತು. ಪೆನ್ನು ಎತ್ತಿ, ಅದು ಸುಮ್ಮನಾದ ಮೇಲೆ ಪೂರ್ತಿ ಮಾಡಿದ್ದರು.

ಇಷ್ಟಾಗಿ ಒಂಬತ್ತು ತಿಂಗಳಿಗೆ ಅವರಿಗೆ ಬಡ್ತಿ ಬಂತು. ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಹಿತೈಷಿಗಳು ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಲೆಗೆ ಜರಿಯ ಪೇಟ ಇಟ್ಟರು. ಪೇಟ ಒಂದು ಸೈಜು ದೊಡ್ಡದಾಗಿ ಕಿವಿಯ ತನಕ ಇಳಿಯಿತು. ಪೇಟದೊಳಗೆ ಕಿವಿ ಮುಚ್ಚಿಹೋದ ಮನುಷ್ಯನಿಗೆ ತನ್ನ ದನಿಯೊಂದೇ ಕೇಳುತ್ತದೆ, ಅದೂ ಗುಡುಗಿದಂತೆ ಕೇಳುತ್ತದೆ. ಗುರುಬಸವರಾಜ ಅವರು ಮೈಕು ಹಿಡಿದರು.

"ಹಿಂದಿನ ಕಾಲದಾಗ ಸೇತುವೆ ಕಟ್ಟಿದಾತ ಹೆಂಡ್ತಿ ಮಕ್ಕಳ ಸಮೇತ ಅದರ ಕೆಳಗ ಕುಂದರ್ತಿದ್ದ. ಮ್ಯಾಲ ಆನಿ ನಡಸ್ತಿದ್ರು! ಇವತ್ತು ಯಾವ ಇಂಜಿನಿಯರ್ ಕುಂದರ್ತಾನ? ಹೇಳ್ರಿ ನೋಡೋಣ! ನಾ ಕುಂದರ್ತೀನಿ. ಬೇವಿನಹಟ್ಟಿ ಬ್ರಿಜ್ಜಿನ ಕೆಳಗ, ಸಂಸಾರ ಸಮೇತ! ತರ್ರಿ ಆನಿ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಜೀಪು ಹತ್ತುವಾಗ ಸಾಹೇಬರು ಡ್ರೈವರ್ ಹುಲುಗೇಶನನ್ನು ಕೇಳಿದರು: "ಹೆಂಗಿತ್ತೋ ಭಾಷಣ?"

ಹುಲುಗೇಶ ಇಪ್ಪತ್ತು ವರ್ಷದಿಂದ ಅವರ ಜೀಪು ಓಡಿಸಿದವನು, ಗೇರು ಹಾಕುವಷ್ಟೇ ಸಾವಕಾಶ ಮಾತು ಹಾಕುವವನು. "ಚಲೋ ಇತ್ರಿ ಸರ್," ಎಂದ. ರೈಲ್ವೆ ಗೇಟು ದಾಟಿದ ಮೇಲೆ ಉಳಿದದ್ದು ಬಂತು: "ಆನಿದೊಂದು ಬ್ಯಾಡಾಗಿತ್ತು."

*

ಮರುದಿನ ಬೆಳಿಗ್ಗೆ ಕೊಟ್ರಬಸಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಗಂಡನ ಮುಂದೆ ಇಡಲಿಲ್ಲ, ಕುಟ್ಟಿದಳು. ಜೊತೆಗೆ ಮೊಬೈಲು ಹಿಡಿದಳು. ಅದರಲ್ಲಿ ಓಬಳೇಶನ ಸುದ್ದಿ ಚಾನೆಲ್ಲು ಓಡುತ್ತಿತ್ತು. ಓಬಳೇಶ ಎಂದರೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ರಿಪೇರಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾಡಿನ ಸುದ್ದಿ ಹಬ್ಬಿಸುವನು, ಮತ್ತು ಅವನಿಗೆ ಗಿರಾಕಿ ಕಡಿಮೆ. ಪರದೆಯ ಮೇಲೆ ಪೇಟ ಇಳಿದ ಗುರುಬಸವರಾಜ, ಕೆಳಗೆ ಕೆಂಪಕ್ಷರ: 'ಹೆಂಡತಿ ಮಕ್ಕಳ ಸಮೇತ ಸೇತುವೆ ಕೆಳಗೆ! ಎದೆಗಾರ ಇಂಜಿನಿಯರ್ ಸವಾಲು!'

"ಏನ್ರಿ ಇದು?"

"ಭಾಷಣ," ಎಂದರು.

"ನನ್ನ ಕೇಳಿದ್ರೇನು? ಬ್ರಿಜ್ ಕೆಳಗ ಕುಂದರಾಕಿ ನಾನು, ಸುದ್ದಿ ನನಗ ಹಾಲಿನವನು ಹೇಳ್ತಾನ! 'ಅಕ್ಕೋರ, ಬ್ರಿಜ್ಜಿನ ಕಾರ್ಯಕ್ರಮ ಯಾವತ್ತು, ಅವತ್ತು ಹಾಲು ಹಾಕಬೇಕೋ ಬ್ಯಾಡೋ' ಅಂತ ಕೇಳ್ತಾನ!"

"ಲೇ, ಅದು ಮಾತಿಗೆ ಅಂದದ್ದು. ಯಾರೂ ಕರಿಯಂಗಿಲ್ಲ."

"ಕರದ್ರ? ಅಷ್ಟು ಹೇಳ್ರಿ, ಆ ಬ್ರಿಜ್ ಗಟ್ಟಿ ಐತೋ ಇಲ್ಲೋ?"

ಗುರುಬಸವರಾಜ ಅವರು ಮಂಡಕ್ಕಿಯ ಜೊತೆಗಿದ್ದ ಮೆಣಸಿನಕಾಯಿ ಬಜ್ಜಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡರು.

"ಅವತ್ತು ನೀವು ನನ್ನ ಜೊತಿಗೆ ದಾವಣಗೆರ್ಯಾಗ ಇದ್ರಿ," ಎಂದಳು ಕೊಟ್ರಬಸಮ್ಮ ನಿಧಾನವಾಗಿ. "ಹಸರು ಬ್ಯಾಡ, ಕೆಂಪು ಅಂಚಿಂದು ತಗೋ ಅಂದವರು ನೀವಾ."

"ಮೆತ್ತಗ ಮಾತಾಡು!" ಎಂದು ಅವರು ಎದ್ದು ಹೋಗಿ ಕಿಟಕಿ ಹಾಕಿದರು.

ಕಿಟಕಿ ಹಾಕಿದ್ದೇ ತಪ್ಪಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರ ಮನೆ ಕಿಟಕಿ ಮುಚ್ಚಿದೆ ಎಂದರೆ ಒಳಗೆ ಏನೋ ಆಗಿದೆ ಎಂದು ಓಣಿ ತಿಳಿಯಿತು. ಬಂದವರು ಕಾಯಿಲೆಯವರನ್ನು ನೋಡುವಂತೆ ಬಾಗಿಲಲ್ಲಿ ಚಪ್ಪಲಿ ಸಾವಕಾಶ ಬಿಟ್ಟು, ಬ್ರೆಡ್ಡು ಬಾಳೆಹಣ್ಣು ಹಿಡಿದು ಬಂದರು. ಎದುರುಮನೆಯ ವಿಮೆ ಏಜೆಂಟರು ಸೋಫಾದ ತುದಿಗೆ ಕೂತು ಗಂಟಲು ಸರಿಮಾಡಿಕೊಂಡರು.

"ಸರ್, ನಿಮ್ಮ ಪಾಲಿಸಿಗೆ ನಾಮಿನಿ ಅಕ್ಕೋರ ಹೆಸರು ಐತಿ."

"ಐತಿ."

"ಅಕ್ಕೋರೂ ಕೆಳಗಾ ಕುಂದರ್ತಾರಲ್ರಿ? ಅದು ಚಲೋ ಅಲ್ಲ. ಮ್ಯಾಲ ನಿಲ್ಲೋರು ಯಾರನ್ನರ ಒಬ್ರನ್ನ ಹಾಕ್ರಿ."

ಮಗಳ ಬೀಗರು ಹಡಗಲಿಯಿಂದ ಫೋನು ಮಾಡಿದರು. "ಧೈರ್ಯ ಮೆಚ್ಚಬೇಕಾದ್ದಾ, ಬೀಗರ. ಆದ್ರ ಹುಡುಗೀನ್ನ ಒಬ್ಬಾಕೀನ್ನ ಬಿಟ್ಟು ಕುಂದರ್ರಿ. ಲಗ್ನಪತ್ರಿಕಿ ಪ್ರಿಂಟಿಗೆ ಹೋಗ್ಯಾವ."

ಮಧ್ಯಾಹ್ನದ ಬಸ್ಸಿಗೆ ಹರಪನಹಳ್ಳಿಯಿಂದ ಅತ್ತೆ ಮೈಲಮ್ಮ ಇಳಿದರು. ಎಪ್ಪತ್ತೆರಡರ ಹೆಂಗಸು. ಬಾಗಿಲಿಗೆ ಬರುವ ಮುಂಚೆಯೇ ದನಿ ಬಂತು: "ಅಳಿಯಂದ್ರೆ, ಏನ್ ಮಾಡ್ಕಂಡ್ರಿ ಇದು! ಯಾವ ಪಾಪಿ ನಿಮ್ ಬಾಯಾಗೆ ಕೂತು ಈ ಮಾತು ಆಡಿಸ್ದ!" ಎನ್ನುತ್ತ ಒಳಗೆ ಬಂದು, ಅಳಿಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಜೀವಂತ ಇರುವುದನ್ನು ಖಾತ್ರಿ ಮಾಡಿಕೊಂಡು, ಸೆರಗು ಬಾಯಿಗೆ ಹಚ್ಚಿಕೊಂಡರು. "ಎಂಥಾ ಬಂಗಾರದಂಥಾ ಮನುಷ್ಯ ಇದ್ರು!"

"ಯವ್ವಾ, ಇನ್ನೂ ಅದಾರ," ಎಂದಳು ಕೊಟ್ರಬಸಮ್ಮ.

"ಅದ್ಕೇ ಈಗ್ಲೇ ಹೇಳ್ತಿದೀನಿ. ಆಮ್ಯಾಲೆ ಕೇಳಾಕೆ ಅವ್ರು ಎಲ್ಲಿರ್ತಾರೆ?"

*

ಯಾರೂ ಕರೆಯುವುದಿಲ್ಲ ಎಂದು ಗುರುಬಸವರಾಜ ಅವರು ಹೇಳಿದ ಮೂರನೆಯ ದಿನ ಕರೆ ಬಂತು. ಆಫೀಸಿಗೆ ಬಂದವಳು ಬೇವಿನಹಟ್ಟಿ ಪಂಚಾಯ್ತಿಯ ಅಧ್ಯಕ್ಷೆ ಸಮತಾ. ಮೂವತ್ತರ ಒಳಗಿನ ಹೆಣ್ಣುಮಗಳು, ಬಿ.ಎಡ್. ಓದಿದವಳು. ಮೇಜಿನ ಮೇಲೆ ದುಂಡು ಮೊಹರು ಹಾಕಿದ ಕಾಗದ ಇಟ್ಟಳು.

"ಸೋಮವಾರ ಬೆಳಿಗ್ಗೆ ಹತ್ತಕ್ಕ ಇಟ್ಟೀವಿ ಸರ್. ಆನಿ ಸಿಗಲಿಲ್ರಿ, ಕ್ಷಮಿಸಬೇಕು. ಮೆಕ್ಕಿಜ್ವಾಳದ ಲಾರಿ ಮೂರು ಹೇಳೀವಿ, ಫುಲ್ ಲೋಡಿಂದು."

"ಲೋಡ್... ಫುಲ್ ಯಾಕವಾ?"

"ಆನಿ ಬದಲಿಗೆ ಅಲ್ರಿ ಸರ್."

"ತಂಗಿ, ಅದು ಸಭಾದಾಗ ಆಡಿದ ಮಾತು. ಇಲಾಖೆ ರೂಲ್ಸ್‌ನಾಗ ಇಂಜಿನಿಯರ್ ಕೆಳಗ ಕುಂದರೋದು ಬರಂಗಿಲ್ಲ."

ಸಮತಾ ನಗಲಿಲ್ಲ. "ಸರ್, ನಾಕು ವರ್ಷದ ಹಿಂದ ಹಳೇ ಬ್ರಿಜ್ ಕೊಚ್ಚಿ ಹೋತು. ಅದನ್ನೂ ಗಟ್ಟಿ ಐತಿ ಅಂತಾ ಹೇಳಿದ್ರು. ಈಗ ನಿಮ್ಮ ಬ್ರಿಜ್ಜಿನ ಮ್ಯಾಲ ಜನ ನಂಬಿಕಿ ಇಡವಲ್ರು. ಸಾಲಿ ವ್ಯಾನ್ ಬಂದ್ರ ಈ ಕಡೆ ಹುಡುಗ್ರನ್ನ ಇಳಸ್ತಾರ, ಖಾಲಿ ವ್ಯಾನ್ ದಾಟಸ್ತಾರ, ಆಮ್ಯಾಲ ಹುಡುಗ್ರು ಒಬ್ಬೊಬ್ರಾಗಿ ನಡಕೊಂತ ಬಂದು ಆ ಕಡೆ ಹತ್ತತಾವ. ದಿನಾ ಎರಡು ಸಲ. ನೀವು ಕುಂತ್ರ ಜನಕ್ಕ ಧೈರ್ಯ ಬರ್ತತಿ. ನೀವು ಕುಂದರಲಿಲ್ಲ ಅಂದ್ರ..." ಎಂದು ನಿಲ್ಲಿಸಿದಳು.

ಅವಳು ನಿಲ್ಲಿಸಿದ ಜಾಗದಲ್ಲಿ ಗೋಡೆಯ ಮೇಲಿನ ಹಲ್ಲಿ ಮಾತು ಪೂರೈಸಿತು.

ಆ ಹೊತ್ತಿಗೆ ಗುರುಬಸವರಾಜ ಅವರಿಗೆ ಮನವರಿಕೆಯಾದದ್ದು ಇಷ್ಟು: ಕೂತರೆ ಜೀವಕ್ಕೆ ಅಪಾಯ, ಕೂರದಿದ್ದರೆ ಸೇತುವೆ ಟೊಳ್ಳು ಎಂದು ತಾವೇ ಸಾರಿದಂತೆ. ಆಗ ಅಳತೆ ಪುಸ್ತಕ ತೆಗೆಯುತ್ತಾರೆ, 'ನನ್ನ ಸಮಕ್ಷಮದಲ್ಲಿ' ಎಂಬುದನ್ನು ಓದುತ್ತಾರೆ. ಉಳಿದ ದಾರಿ ಒಂದೇ. ಸೋಮವಾರದೊಳಗೆ ಆ ಸ್ಲ್ಯಾಬಿನಲ್ಲಿ ಏನಿದೆ ಎಂದು ತಿಳಿಯಬೇಕು.

ಅವರು ಮೊದಲು ಹೋದದ್ದು ಗುತ್ತಿಗೆದಾರ ಅರುಣಕುಮಾರನ ಹತ್ತಿರ. ಹಗರಿಬೊಮ್ಮನಹಳ್ಳಿಯ ಅವನ ಆಫೀಸಿನಲ್ಲಿ ಗಾಜಿನ ಬಾಗಿಲು ಹಾಕಿ, ಕಿವಿಯ ಹತ್ತಿರ ಬಾಗಿ ಕೇಳಿದರು: "ಅರುಣಾ, ಬೇವಿನಹಟ್ಟಿ ಸ್ಲ್ಯಾಬ್ ಚಲೋ ಬಂದೈತಲ್ಲ?"

"ಅಯ್ಯ, ಅದನ್ನ ನನಗ ಕೇಳ್ತೀರೇನ್ರಿ ಸರ್! ನೀವಾ ನಿಂತು ಹಾಕ್ಸೀರಿ."

"ನಾನು... ಹೂಂ. ನಿಂತಿದ್ದೆ. ನೀನೂ ಇದ್ದೆಲ್ಲ?"

ಅರುಣಕುಮಾರ ಮೇಜಿನ ಮೇಲಿನ ಗಣಪತಿಯನ್ನು ಸ್ವಲ್ಪ ಸರಿಸಿದ. "ನಾನು... ಇದ್ದೆ. ಅಂದ್ರ ಸರ್, ಅವತ್ತು ನಮ್ಮ ಮಾವನ ಮನಿಯಾಗ ಒಂದು ಕಾರ್ಯ ಇತ್ತು. ಹೆಂಗೂ ನೀವು ಇರ್ತೀರಿ ಅಂತ..."

"ನಾ ಹೆಂಗೂ ನೀನು ಇರ್ತಿ ಅಂತ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮೇಸ್ತ್ರಿ ಎಲ್ಲಿ ಅದಾನ?" ಎಂದರು ಗುರುಬಸವರಾಜ ಸಣ್ಣ ದನಿಯಲ್ಲಿ.

"ಗೋವಾಕ್ಕ ಹೋಗ್ಯಾನ್ರಿ. ಫೋನ್ ಹತ್ತಂಗಿಲ್ಲ."

"ಹಂಗಾದ್ರ ಅವತ್ತು ಅಲ್ಲಿ ಯಾರಿದ್ರೋ?"

ಅರುಣಕುಮಾರ ಯೋಚಿಸಿದ. "ಹುಗ್ಗಿ ಮಾಡಾವ ಇದ್ದ."

"ಸೋಮವಾರ ನನ್ನ ಜೊತಿ ಬಂದು ಕುಂದರು," ಎಂದರು ಸಾಹೇಬರು. ಅವರ ನೌಕರಿಯಲ್ಲೇ ಇಷ್ಟು ಗಡುಸಾದ ಆಜ್ಞೆ ಹೊರಟಿರಲಿಲ್ಲ. ಆದರೆ ಅರುಣಕುಮಾರನಿಗೆ ಸೋಮವಾರವೇ ಹುಬ್ಬಳ್ಳಿಯಲ್ಲಿ ಹಲ್ಲು ಕೀಳಿಸುವುದಿತ್ತು. ಯಾವ ಹಲ್ಲು ಎಂದು ಕೇಳಿದ್ದಕ್ಕೆ ಬೆರಳು ಬಾಯೊಳಗೆ ಹೋಗಿ ಬಹಳ ಹೊತ್ತು ಹುಡುಕಿತು.

*

ಶನಿವಾರ ಹುಲುಗೇಶ ಜೀಪನ್ನು ಹಳ್ಳದ ದಂಡೆಯಲ್ಲಿ ನಿಲ್ಲಿಸಿದ. ಗುರುಬಸವರಾಜ ಅವರು ಒಣ ಉಸುಕಿನಲ್ಲಿ ಇಳಿದು, ಒಂದು ಕಲ್ಲೆತ್ತಿ ಕಂಬಕ್ಕೆ ಬಡಿದು ಕಿವಿ ಹಚ್ಚಿದರು. ಠಣ್ ಎಂದಿತು. ಇನ್ನೊಂದು ಕಂಬಕ್ಕೆ ಬಡಿದರು. ಅಲ್ಲೂ ಠಣ್. ಮೂವತ್ತೊಂದು ವರ್ಷದಲ್ಲಿ ಯಾವ ಸೇತುವೆಗೂ ಕಿವಿ ಹಚ್ಚದೆ ಇದ್ದದ್ದರಿಂದ, ಠಣ್ ಎಂದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

"ಯಾರ್ರೀ ನೀವು? ಬ್ರಿಜ್ಜಿಗೆ ಯಾಕ ಕಲ್ಲು ಹೊಡಿತೀರಿ?"

ಕಂಬದ ಆಚೆ ನೆರಳಿನಲ್ಲಿ ಹತ್ತಿಪ್ಪತ್ತು ಆಡು ಕೂಡಿಹಾಕಿಕೊಂಡು ಕರಿಯಕ್ಕ ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಕೋಲು, ಮಡಿಲಲ್ಲಿ ಎಲೆ ಅಡಿಕೆ ಚೀಲ.

"ನಾನು ಈ ಬ್ರಿಜ್ಜಿನ ಇಂಜಿನಿಯರ್," ಎಂದರು.

ಕರಿಯಕ್ಕ ಅವರನ್ನು ಬೂಟಿನಿಂದ ಕನ್ನಡಕದ ತನಕ ನೋಡಿದಳು. "ಇದಕ್ಕ ಇಂಜಿನಿಯರೂ ಇದ್ರೇನು?"

ಹುಲುಗೇಶನಿಗೆ ಕೆಮ್ಮು ಬಂತು.

"ಸ್ಲ್ಯಾಬ್ ಹಾಕೋ ದಿನ ನೀನು ಇದ್ದೇನವಾ?"

"ಇಲ್ದ ಏನ್ರಿ? ಮಾಲು ಹೊತ್ತಾಕಿ ನಾನಾ. ನಮ್ಮ ಓಣಿ ಹದಿನಾಕು ಹೆಣಮಕ್ಕಳು."

ಗುರುಬಸವರಾಜ ಅವರ ಮುಖಕ್ಕೆ ಮೂರು ದಿನದಿಂದ ಬಾರದ ರಕ್ತ ಬಂತು. "ಹಂಗಾದ್ರ ಹೇಳು, ಎಲ್ಲಾ ಮೇಸ್ತ್ರಿ ಹೇಳ್ದಂಗ ಹಾಕಿದ್ರಿಲ್ಲೋ?"

"ಎಲ್ಲೀದು! ಅವ ಒಂದು ಹೇಳಿದ, ನಾವು ಒಂದು ಮಾಡಿದ್ವಿ. ಅವನ ಮಾತು ಯಾವಾಕಿ ಕೇಳ್ತಾಳ?"

ಬಂದ ರಕ್ತ ಬಂದ ದಾರಿಯಲ್ಲೇ ಹೋಯಿತು. ಅವರು ಉಸುಕಿನ ಮೇಲೆ ಕೂತರು. "ಏನು... ಏನು ಮಾಡಿದ್ರವಾ?"

ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಜಿಲ್ಲೆಯ ಕಾರ್ಯಪಾಲಕ ಇಂಜಿನಿಯರು, ಅಂದರೆ ಸಾಹೇಬರ ಸಾಹೇಬರು. ಗುರುಬಸವರಾಜ ಉಸುಕಿನಿಂದ ಎದ್ದು ನಿಂತು ಮೇಲಿನ ಗುಂಡಿ ಹಾಕಿಕೊಂಡರು.

"ಬಹಳ ಸಂತೋಷ ಗುರುಬಸವರಾಜ್! ವಿಡಿಯೋ ನೋಡಿದೆ. ಇಡೀ ಇಲಾಖೆಯ ಮರ್ಯಾದೆ ಈಗ ನಿಮ್ಮ ತಲೆಯ ಮೇಲಿದೆ."

"ಸರ್, ತಲೆ ಮೇಲೆ ಸ್ಲ್ಯಾಬ್ ಇದೆ ಸರ್."

"ಹ್ಹ ಹ್ಹ! ನಾನೂ ಬರ್ತೀನಿ."

"ತಾವೂ ಕೂರ್ತೀರಾ ಸರ್?"

"ಇಲ್ಲ ಇಲ್ಲ, ಯಾರಾದರೂ ಹಸಿರು ಬಾವುಟ ತೋರಿಸಬೇಕಲ್ಲ. ಸ್ವಲ್ಪ ದೂರದಿಂದ ತೋರಿಸಿದರೆ ಚಾಲಕನಿಗೆ ಚೆನ್ನಾಗಿ ಕಾಣುತ್ತೆ."

ಫೋನು ಮುಗಿದು ತಿರುಗುವುದರೊಳಗೆ ಆಡುಗಳು ದಂಡೆ ಹತ್ತಿದ್ದವು, ಕರಿಯಕ್ಕ ಅವುಗಳ ಹಿಂದೆ. ಮೇಲಿನಿಂದ ಅವಳ ದನಿ ಮಾತ್ರ ತೇಲಿ ಬಂತು: "ಆಮ್ಯಾಲ ಆಡೂ ಹತ್ತಿದ್ವು ಸ್ಲ್ಯಾಬಿನ ಮ್ಯಾಲ! ಒಂದೂವರಿ ತಿಂಗಳು!"

ಜೀಪಿನಲ್ಲಿ ಗುರುಬಸವರಾಜ ಅವರು ಸಿಕ್ಕಿದ ಮಾಹಿತಿಯನ್ನು ಕ್ರಮವಾಗಿ ಜೋಡಿಸಿಕೊಂಡರು. ಇಂಜಿನಿಯರ್ ಇರಲಿಲ್ಲ. ಗುತ್ತಿಗೆದಾರ ಇರಲಿಲ್ಲ. ಮೇಸ್ತ್ರಿಯ ಮಾತು ಯಾರೂ ಕೇಳಲಿಲ್ಲ. ಹಸಿ ಸ್ಲ್ಯಾಬಿನ ಮೇಲೆ ಆಡು ತಿರುಗಿವೆ.

"ಹುಲುಗೇಶ, ನೀ ಏನಂತಿ?"

ಹುಲುಗೇಶ ಎರಡು ಗೇರು ಬದಲಿಸಿದ. "ಬಾವುಟ ಹಿಡಿಯೋ ಕೆಲಸ ಚಲೋ ಐತ್ರಿ ಸರ್."

*

ಸೋಮವಾರ ಹಳ್ಳದ ಎರಡೂ ದಂಡೆಯ ಮೇಲೆ ಜನ. ಸೇತುವೆಯ ಕೆಳಗೆ ನಟ್ಟನಡುವೆ ಚಾಪೆ ಹಾಸಿ, ಎರಡು ಕುರ್ಚಿ ಇಟ್ಟು, ಹಿಂದೆ ಮಾವಿನ ತೋರಣ ಕಟ್ಟಿದ್ದರು. ಗುರುಬಸವರಾಜ ಅವರಿಗೆ ಅದು ಸತ್ತವರನ್ನು ಕೂರಿಸಿ ಒಯ್ಯುವ ಮೆರವಣಿಗೆಯ ಸಿದ್ಧತೆಯಂತೆ ಕಂಡಿತು. ಸನ್ಮಾನದ ಪೇಟವನ್ನು ಇವತ್ತೂ ಹಾಕಿಕೊಂಡಿದ್ದರು. ಅದರೊಳಗೆ ಹೆಲ್ಮೆಟ್ಟು ಹಿಡಿಯುತ್ತದೆಯೇ ಎಂದು ಬೆಳಿಗ್ಗೆ ನೋಡಿ, ಹಿಡಿಯದೆ, ಒಂದು ಟವೆಲು ತುರುಕಿಕೊಂಡಿದ್ದರು.

ಒಂದು ಕುರ್ಚಿ ಖಾಲಿ ಇತ್ತು. ಕೊಟ್ರಬಸಮ್ಮ ಮೂರು ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದಳು. ಹತ್ತಕ್ಕೆ ಐದು ನಿಮಿಷ ಇರುವಾಗ ಆಟೋದಿಂದ ಇಳಿದಳು. ಮೈಮೇಲೆ ದಾವಣಗೆರೆಯ ಕೆಂಪಂಚಿನ ಸೀರೆ. ಬಂದು ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

"ನೀ ಯಾಕ ಬಂದಿ?" ಎಂದರು ಅವರು.

"ಅವತ್ತು ನಿಮ್ಮನ್ನ ಎಳಕೊಂಡು ಹೋದಾಕಿ ನಾನಾ. ಮುಂದ ನೋಡ್ರಿ, ಫೋಟೋ ಹಿಡ್ಯಾಕತ್ತಾರ."

ದಂಡೆಯ ಮೇಲೆ ಮೈಲಮ್ಮ ಸೆರಗು ಬಾಯಿಗೆ ಹಚ್ಚಿಕೊಂಡು ಅಳು ಶುರು ಮಾಡಿಯೇಬಿಟ್ಟರು: "ಅಳಿಯಂದ್ರೆ! ಹುರಳಿ ಕಟ್ಟಿನ ಸಾರು ಅಂದ್ರೆ ಎಷ್ಟು ಇಷ್ಟ ಇತ್ತಲ್ಲಪ್ಪಾ!" ಓಬಳೇಶ ಮೊಬೈಲನ್ನು ಅವರ ಕಡೆ ಒಮ್ಮೆ, ಇವರ ಕಡೆ ಒಮ್ಮೆ ತಿರುಗಿಸುತ್ತ, "ವೀಕ್ಷಕರೇ, ಇನ್ನು ಕೆಲವೇ ಕ್ಷಣ, ಏನಾಗುತ್ತೋ ಹೇಳೋಕೆ ಆಗಲ್ಲ!" ಎಂದು ಹುರಿದುಂಬಿಸಿದ. ಕಾರ್ಯಪಾಲಕ ಇಂಜಿನಿಯರು ಎಷ್ಟು ದೂರ ನಿಂತಿದ್ದರೆಂದರೆ ಬಾವುಟ ಮಾತ್ರ ಕಾಣುತ್ತಿತ್ತು.

ಆಗ ಕಂಬದ ಹಿಂದಿನಿಂದ ಕರಿಯಕ್ಕ ಬಂದು ಚಾಪೆಯ ಮೇಲೆ ಕಾಲು ಮಡಚಿ ಕೂತಳು.

"ನೀ ಏಳಬೇ, ಅಪಾಯ!" ಎಂದು ದಂಡೆಯಿಂದ ಯಾರೋ ಕೂಗಿದರು.

"ನಾ ದಿನಾ ಕುಂದರೋ ಜಾಗ ಇದು. ಅಪಾಯ ಇವತ್ತು ಬಂತೇನು?" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದಳು.

ಮೊದಲ ಲಾರಿ ಹತ್ತಿತು. ಮೇಲೆ ಗುಡುಗು ಉರುಳಿದಂತಾಯಿತು. ಗುರುಬಸವರಾಜ ಅವರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕುರ್ಚಿಯ ಕೈ ಹಿಡಿದರು. ಒಂದು ಕೈ ಮೆತ್ತಗಿತ್ತು, ಅದು ಕೊಟ್ರಬಸಮ್ಮನದು. ಪೇಟದ ಮೇಲೆ ಪಟಪಟ ಏನೋ ಉದುರಿತು.

"ಬಿದ್ದೇ ಬಿಡ್ತು!" ಎಂದು ಚೀರಿದರು.

ಕರಿಯಕ್ಕ ಪೇಟದಿಂದ ಒಂದನ್ನು ಎತ್ತಿ ನೋಡಿದಳು. "ಆಡಿನ ಹಿಕ್ಕಿ ರೀ. ನೀರು ಹೋಗೋ ತೂತಿನಾಗ ಕುಂತಿದ್ವು."

ಎರಡನೆಯದು ಬಂತು, ಹೋಯಿತು. ಮೂರನೆಯದು ಬಂತು, ಹೋಗಲಿಲ್ಲ. ಸರಿಯಾಗಿ ಅವರ ನೆತ್ತಿಯ ಮೇಲೆ ಬಂದು ನಿಂತು, ಎಂಜಿನ್ ಎರಡು ಸಲ ಬಿಕ್ಕಿ ಆರಿಹೋಯಿತು. ಆಮೇಲೆ ಬಾಗಿಲು ತೆಗೆದ ಸದ್ದು, ಧೊಪ್ಪೆಂದು ಒಬ್ಬ ಹಾರಿದ ಸದ್ದು.

"ಏನಾತು?" ಎಂದು ಗುರುಬಸವರಾಜ ಪಿಸುಗುಟ್ಟಿದರು. ಜೋರಾಗಿ ಮಾತಾಡಿದರೆ ಸ್ಲ್ಯಾಬಿಗೆ ಕೇಳೀತು ಎಂಬಂತೆ.

"ಡ್ರೈವರ್ ಸೆಲ್ಫಿ ತಗೊಳ್ಳಾಕ ಇಳದಾನ್ರಿ!" ಎಂದು ಹುಲುಗೇಶ ದಂಡೆಯಿಂದ ವರದಿ ಮಾಡಿದ. ಸ್ವಲ್ಪ ತಡೆದು, "ಲಾರಿ ಮತ್ತ ಚಾಲೂ ಆಗವಲ್ದು. ತಳ್ಳೋರು ಯಾರೂ ಬ್ರಿಜ್ ಮ್ಯಾಲ ಬರವಲ್ರು."

ಕಾಲು ಗಂಟೆ ಹಾಗೇ ಕಳೆಯಿತು. ತಲೆಯ ಮೇಲೆ ಇಡೀ ಊರಿನ ಮೆಕ್ಕೆಜೋಳ. ಗುರುಬಸವರಾಜ ಅವರ ಬೆವರು ಟವೆಲು ತೋಯಿಸಿ, ಪೇಟ ತೋಯಿಸಿ, ಕನ್ನಡಕಕ್ಕೆ ಇಳಿಯಿತು. ಕೊನೆಗೆ ತಡೆಯಲಾರದೆ ಬಾಗಿ ಹೇಳಿದರು:

"ಕರಿಯಕ್ಕಾ, ಸಾಯೋ ಮುಂಚೆ ಸುಳ್ಳು ಹೇಳಬಾರದು. ಸ್ಲ್ಯಾಬ್ ಹಾಕಿದ ದಿನ ನಾನು ಇಲ್ಲಿ ಇರಲಿಲ್ಲ."

"ಗೊತ್ತೈತ್ರಿ. ಇದ್ರ ಬ್ರಿಜ್ ಹಿಂಗ ಬರ್ತಿತ್ತೇನು?"

"ಅಂದ್ರ?"

"ನಾ ಮೂವತ್ತು ವರ್ಷದಿಂದ ಮಾಲು ಹೊತ್ತಾಕಿ. ಎಲ್ಲಾ ಕೆಲಸದಾಗೂ ಒಬ್ಬ ಸಾಹೇಬ ಕೊಡಿ ಹಿಡಕೊಂಡು ನಿಂತಿರ್ತಾನ. ಹುಗ್ಗಿ ವಾಸನಿ ಬಂತು ಅಂದ್ರ, 'ನೀರು ಬಿಡ್ರಿ, ಲಗೂ ಮುಗಸ್ರಿ' ಅಂತಾನ. ಜೋಳದ ಹಿಟ್ಟಿಗೆ ನೀರು ಹೆಚ್ಚಾದ್ರ ರೊಟ್ಟಿ ಬಡಿಯಾಕ ಬರ್ತತೇನು? ಹಳೇ ಬ್ರಿಜ್ ಹೋದಾಗ ನಾ ಆ ದಂಡಿಯಾಗ ಸಿಕ್ಕು, ಮೂರು ದಿನ ಮನಿ ಕಂಡಿಲ್ಲ. ಈ ಸಲ ಸಾಹೇಬ ಇಲ್ಲ, ಗುತ್ತಿಗೆದಾರ ಇಲ್ಲ. ಮೇಸ್ತ್ರಿ ಒಬ್ಬಾವ 'ನೀರು ಬಿಡ್ರಿ' ಅಂದ. ಹದಿನಾಕೂ ಮಂದಿ ಬುಟ್ಟಿ ಕೆಳಗಿಟ್ವಿ. ಕೊಡ ನಾ ಹಿಡಕೊಂಡು ಕುಂತೆ. ಗಟ್ಟಿ ಮಾಲಾ ಹಾಕಿದ್ವಿ, ಹೊತ್ತು ಮುಳುಗೋತನ. ಹುಗ್ಗಿ ತಣ್ಣಗಾಗಿ ಗಡ್ಡಿ ಕಟ್ಟಿತ್ತು, ಅದನ್ನಾ ತಿಂದ್ವಿ."

"ಮತ್ತ ಆಡು?"

"ಗಟ್ಟಿ ಆಗಲಿ ಅಂತ ಸ್ಲ್ಯಾಬ್ ಮ್ಯಾಲ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಸ್ತಾರಲ್ರಿ. ಏಳು ದಿನ ಸಾಕು ಅಂದ ಮೇಸ್ತ್ರಿ. ಬ್ಯಾಸಗಿ ನೋಡ್ರಿ, ನನ್ನ ಆಡಿಗೆ ಕುಡ್ಯಾಕ ಬೇರೆ ನೀರಿರಲಿಲ್ಲ. ಟ್ಯಾಂಕರಿನವನಿಗೆ 'ಸಾಹೇಬರು ಹೇಳ್ಯಾರ' ಅಂತ ನಾನಾ ಹೇಳಿ ಒಂದೂವರಿ ತಿಂಗಳು ತುಂಬ್ಸೀನಿ." ಅವಳು ಎಲೆ ಮಡಚಿ ಬಾಯಿಗಿಟ್ಟಳು. "ನಿಮ್ಮ ಹೆಸರು ಗೊತ್ತಿರಲಿಲ್ಲ. ಸುಮ್ನ ಸಾಹೇಬರು ಅಂದೆ."

ಗುರುಬಸವರಾಜ ಅವರು ಮೊದಲ ಬಾರಿಗೆ ತಲೆ ಎತ್ತಿ ಸ್ಲ್ಯಾಬನ್ನು ನೋಡಿದರು. ಒಂದು ಬಿರುಕಿಲ್ಲ, ನೀರು ಹೋಗುವುದು ಬಿಟ್ಟರೆ ಒಂದು ತೂತಿಲ್ಲ. ತಮ್ಮ ನೌಕರಿಯಲ್ಲಿ ಅವರು ಇಷ್ಟು ಚಂದದ ಸ್ಲ್ಯಾಬು ಕಂಡಿರಲಿಲ್ಲ.

ಲಾರಿ ಹೇಗೋ ಚಾಲೂ ಆಗಿ ಹೋಯಿತು. ಜನ ಹೋ ಎಂದರು. ಅಷ್ಟರಲ್ಲಿ ಸಮತಾ ಮೇಲಿನಿಂದ ಕೈ ಬೀಸಿದಳು. ಹಳದಿ ಬಣ್ಣದ ಶಾಲೆಯ ವ್ಯಾನು ದಂಡೆಯ ಹತ್ತಿರ ನಿಧಾನವಾಯಿತು, ಎಂದಿನಂತೆ ನಿಲ್ಲಲಿಲ್ಲ. ಮಕ್ಕಳನ್ನು ತುಂಬಿಕೊಂಡೇ ಸೇತುವೆ ಹತ್ತಿತು. ಲಾರಿಯ ಮುಂದೆ ಅದು ಒಂದು ಡಬ್ಬಿ. ಆದರೂ ಗುರುಬಸವರಾಜ ಅವರು ಉಸಿರು ಬಿಗಿಹಿಡಿದು ಎದ್ದು ನಿಂತು, ಎರಡೂ ಕೈ ಮೇಲೆತ್ತಿದರು, ಬಿದ್ದರೆ ತಾವು ಹಿಡಿಯುವವರಂತೆ. ಮೇಲೆ ಮಕ್ಕಳ ಕೂಗು ಈ ದಂಡೆಯಿಂದ ಆ ದಂಡೆಗೆ ಹೋಯಿತು. ಆಗ ಕೈ ಇಳಿಸಿ, ಪೇಟ ತೆಗೆದು ಕರಿಯಕ್ಕನ ತಲೆಯ ಮೇಲಿಟ್ಟರು. ಅವಳು ಅದನ್ನು ತೆಗೆದು, ಒಳಗಿನ ಒದ್ದೆ ಟವೆಲು ಅವರ ಕೈಗೆ ಕೊಟ್ಟು, ಪೇಟ ಮಾತ್ರ ಇಟ್ಟುಕೊಂಡಳು.

*

ಕಥೆ ಇಲ್ಲಿಗೆ ಮುಗಿದಿದ್ದರೆ ಗುರುಬಸವರಾಜ ಅವರೂ ಸುಖವಾಗಿರುತ್ತಿದ್ದರು. ಆದರೆ ಓಬಳೇಶನ ವಿಡಿಯೋ ಐದು ತಾಲ್ಲೂಕು ತಿರುಗಿತು. ಎಂಟು ದಿನದ ಮೇಲೆ ಕಾರ್ಯಪಾಲಕ ಇಂಜಿನಿಯರ ಆಫೀಸಿನಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಹಡಗಲಿ ಕಡೆಯಿಂದ, ಕೂಡ್ಲಿಗಿ ಕಡೆಯಿಂದ, ಹರಪನಹಳ್ಳಿ ಕಡೆಯಿಂದ ಬಂದ ಮನವಿಗಳು. ಎಲ್ಲದರದೂ ಒಂದೇ ಒಕ್ಕಣೆ: ನಮ್ಮೂರ ಸೇತುವೆ ಕಟ್ಟಿಸಿದವರೂ ಇದೇ ಸಾಹೇಬರು, ನಮ್ಮಲ್ಲೂ ಬಂದು ಸಂಸಾರ ಸಮೇತ ಕೂರಬೇಕು. ಎಣಿಸಿದರೆ ಹನ್ನೊಂದು. ಮೇಲೆ ಕೆಂಪು ಶಾಯಿಯಲ್ಲಿ 'ಒಪ್ಪಿದೆ. ದಿನಾಂಕ ನಿಗದಿಪಡಿಸಿ' ಎಂದು ಬರೆದಿತ್ತು.

ಅವರು ಲಕೋಟೆ ಹಿಡಿದುಕೊಂಡೇ ಮನೆಗೆ ಬಂದರು. ಕೊಟ್ರಬಸಮ್ಮ ಕೆಂಪಂಚಿನ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಆ ಸೀರೆಯ ಮೇಲೆ ಅವಳಿಗೆ ಈಗ ಬಹಳ ಅಭಿಮಾನ. ಒಂದೊಂದೇ ಕಾಗದ ಓದಿದಳು. ಹೆದರಲಿಲ್ಲ. ಬೇವಿನಹಟ್ಟಿಯ ಪಾಠ ಅವಳಿಗೆ ಚೆನ್ನಾಗಿ ನೆನಪಿತ್ತು.

"ಆತು ಬಿಡ್ರಿ, ಕುಂತು ಬಂದ್ರಾತು," ಎಂದಳು. "ಈ ಹನ್ನೊಂದು ಬ್ರಿಜ್ಜಿಗೆ ಸ್ಲ್ಯಾಬ್ ಹಾಕೋ ದಿನ ನೀವು ಎಲ್ಲೆಲ್ಲಿಗೆ ಹೋಗಿದ್ರಿ?"

ಗುರುಬಸವರಾಜ ಅವರು ಗೋಡೆಯ ಕಡೆ ನೋಡಿದರು. ಹಲ್ಲಿ ಕೂಡ ಸುಮ್ಮನಿತ್ತು.

"ಎಲ್ಲಿಗೂ ಹೋಗಿಲ್ಲ. ಹನ್ನೊಂದಕ್ಕೂ ನಾನಾ ಮುಂದ ನಿಂತು ಹಾಕ್ಸೀನಿ."

ಕೊಟ್ರಬಸಮ್ಮ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತಳು. ಸೀರೆಯನ್ನು ಮಡಚಿ, ಕಪಾಟಿನ ತಳದಲ್ಲಿ, ಹಾಸಿಗೆ ಹೊದಿಕೆಗಳ ಅಡಿಯಲ್ಲಿ ಇಟ್ಟು ಕೀಲಿ ಹಾಕಿದಳು.

"ಹಂಗಾದ್ರ," ಎಂದಳು, "ನೀವೊಬ್ರೇ ಹೋಗಿ ಬರ್ರಿ."